ಹಾಗೇ ಉಳಿದ ಮಜ್ಜಿಗೆ

ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಂಗಸರು ಮಿಷನ್ ಮುಂದೆಯೇ ತಲೆಸುತ್ತಿ ಬೀಳುತ್ತಿದ್ದರು. ದಿನಕ್ಕೆರಡು ಲೋಟ ಮಜ್ಜಿಗೆ ಕೊಡಿ ಎಂದು ಡಾಕ್ಟರು ಕಾರ್ಖಾನೆಗೆ ಬರೆದುಕೊಟ್ಟರು. ಕ್ಯಾಂಟೀನಿನ ಅಡುಗೆಯವ ನಿಂಗಯ್ಯ ಮೊದಲ ಲೋಟವನ್ನು ಮಾದಪ್ಪನ ಪಟದ ಮುಂದಿಟ್ಟು ಕೈಮುಗಿದು, ಉಳಿದದ್ದನ್ನು ಹಂಚಲು ಹೋದ. ವಾರವಾದರೂ ಯಾರೂ ಕುಡಿಯಲಿಲ್ಲ.

"ನಾಳೆನೂ ಪಾತ್ರೆ ತುಂಬಿದ ಹಾಗೇ ವಾಪಸ್ ಬಂದ್ರೆ ಬೇರೆ ಅಡುಗೆಯವನ್ನ ನೋಡ್ಕೋತೀನಿ," ಎಂದರು ಮ್ಯಾನೇಜರು.

ಮರುದಿನ ನಿಂಗಯ್ಯ ಶುಂಠಿ ಜಜ್ಜಿ ಹಾಕಿ, ಕರಿಬೇವಿನ ಒಗ್ಗರಣೆ ಕೊಟ್ಟು, ತಾನೇ ಲೋಟ ಹಿಡಿದು ಸಾಕಮ್ಮನ ಮಿಷನ್ ಪಕ್ಕ ನಿಂತ.

"ಕುಡಿಯವ್ವಾ, ಇಲ್ದಿದ್ರೆ ನನ್ನ ಕೆಲಸ ಹೋಯ್ತದೆ."

ಅವಳು ಒಂದೇ ಗುಟುಕು ಕುಡಿದು ಲೋಟ ಹಿಂದಕ್ಕೆ ಕೊಟ್ಟಳು.

"ಯಾಕವ್ವಾ, ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ ಕಣಣ್ಣ."

"ಹುಳಿನಾ?"

"ನಮ್ಮವ್ವ ಮಾಡ್ದಂಗೇ ಐತೆ."

"ಮತ್ತೆ ಕುಡಿಯಕ್ಕೇನು ದಾಡಿ ನಿಮಗೆಲ್ಲ?"

ಸಾಕಮ್ಮ ಸೂಪರ್‌ವೈಸರ್ ಕೂತಿದ್ದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಕುಡಿದ್ರೆ ಟಾಯ್ಲೆಟ್‌ಗೆ ಎದ್ದು ಹೋಗ್ಬೇಕಾಯ್ತದೆ ಕಣಣ್ಣ, ಟೋಕನ್ ಇಲ್ದೆ ಬಿಡಕ್ಕಿಲ್ಲ, ಅರವತ್ತು ಜನಕ್ಕೆ ಇವ್ರು ಇಟ್ಟಿರೋದು ಒಂದೇ."