ಎಂಜಲು ಕೈಯ ಲೆಕ್ಕ

ಹಡಗು ನಡೆಸುವ ಓದಿಗೆ ಸೇರಿದ ನನ್ನ ಮೊಮ್ಮಗಳ ಊಟದ ಡಬ್ಬಿ ತೆರೆದರೆ ಹಳಸಿದ ಸಾಂಬಾರಿನ ನಾತ ಗಪ್ಪನೆ ಮೂಗಿಗೆ ಬಡಿಯುತ್ತದೆ. ಅಸಹ್ಯವೇ, ಆದರೂ ನನಗೆ ಹಿಗ್ಗೋ ಹಿಗ್ಗು!

ನನ್ನ ಚಿಕ್ಕಂದಿನಲ್ಲಿ, ತಮಿಳು ಸೀಮೆಯ ಬಂದರಿನ ಪಕ್ಕದ ತಿರುವೊಟ್ಟಿಯೂರಿನ ನಮ್ಮ ಹೋಟೆಲಿನಲ್ಲಿ ಒಂದು ಮಧ್ಯಾಹ್ನವೂ ಅದೇ ನಾತ. ಅಪ್ಪ ಅಡುಗೆಗೆಂದು ಹೋಗಿದ್ದ ಹಡಗು ಬಿರುಗಾಳಿಗೆ ಸಿಕ್ಕು ನಾಲ್ಕು ದಿನದಿಂದ ಸುದ್ದಿಯೇ ಇರಲಿಲ್ಲ. ಈಗ ಅದು ಮೂವತ್ತೇಳು ಕಿಲೋಮೀಟರ್ ಆಚೆ ಬರುತ್ತಿದೆಯೆಂದು ಬಂದರಿನಿಂದ ಒಬ್ಬ ಹೇಳಿಹೋದ.

“ಈ ಹೊಸ ಕಿಲೋಮೀಟರ್ ಅಂದ್ರೆ ಎಷ್ಟು ದೂರ ಮಾರಾಯ್ರೆ?” ಅಮ್ಮ ಊಟಕ್ಕೆ ಕೂತವರನ್ನು ಕೇಳಿದಳು.

ಊಟಕ್ಕೆ ಕೂತಿದ್ದ ಮುದಿ ನಾವಿಕ, ಮೂಗೊರೆಸಿದ ಬೆರಳನ್ನೇ ಸಾಂಬಾರಿಗೆ ಅದ್ದಿ ಮೇಜಿನ ಮೇಲೆ ಲೆಕ್ಕ ಗೀಚಿದ.

“ಥೂ, ಎಂಜಲು!” ಅಮ್ಮ ಒದ್ದೆ ಬಟ್ಟೆ ತಂದಳು.

“ಇರಮ್ಮಾ, ಕೊಂಜಂ ಪೊರು, ಸ್ವಲ್ಪ ತಾಳು! ಸಮುದ್ರದ ಒಂದು ಮೈಲಿಗೆ ಸಾವಿರದ ಎಂಟುನೂರ ಐವತ್ತೆರಡು ಮೀಟರ್. ಮೂವತ್ತೇಳು ಕಿಲೋಮೀಟರ್ ಅಂದ್ರೆ ಇಪ್ಪತ್ತು ಮೈಲಿ ಆಯ್ತು. ಗಂಟೆಗೆ ಹತ್ತು ಮೈಲಿ ಬಂದ್ರೂ ಎರಡೇ ಗಂಟೆ. ಅನ್ನಕ್ಕೆ ಇಡಮ್ಮಾ!”

ಮೇಜಿನ ಮೇಲೆ ಆ ಇಪ್ಪತ್ತು ಒಣಗಿ ಅಂಟಾಯಿತು, ನೊಣಗಳು ಮುತ್ತಿದವು. ಎಂಜಲೆಂದರೆ ಮೂರು ಸಲ ತೊಳೆಯುವ ಅಮ್ಮ, ಅಪ್ಪ ಬಾಗಿಲಿಗೆ ಬರುವವರೆಗೂ ಅದನ್ನು ಒರೆಸಲಿಲ್ಲ.