ಪಟ್ಟಿಗೆ ಅಂಟಿದ ಹಿಟ್ಟು

ಫಕ್ಕೀರಪ್ಪನ ಕೈ ಎಂದರೆ ಓಣಿಗೆ ಓಣಿಯೇ ಹೆದರುತ್ತಿತ್ತು...

ಗದಗಿನಲ್ಲಿ ರಸ್ತೆ ಒಡೆಯುವ ಬ್ರೇಕರ್ ಮಷೀನು ಹಿಡಿಯುವ ಆಳು. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ.

ಸಾರಿಗೆ ಉಪ್ಪು ಹೆಚ್ಚಾದರೂ ಗಂಗಾಳ ಗೋಡೆಗೆ ಹಾರುತ್ತಿತ್ತು... ಕಮ್ಮಿಯಾದರೂ ಹಾರುತ್ತಿತ್ತು.

ಹೆಂಡತಿ ನೀಲವ್ವ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಈಚೆಗೆ ಅವಳ ಕೈಯಿಂದ ಪಾತ್ರೆಗಳು ಜಾರಿ ಬೀಳುತ್ತಿದ್ದವು.

ಮೊನ್ನೆ ಹಾಲಿನ ಪಾತ್ರೆ ಬಿತ್ತು. ಫಕ್ಕೀರಪ್ಪ ಜುಟ್ಟು ಹಿಡಿದು ಬಡಿದ. "ಕೈಯಾಗ ಜೀವ ಇಲ್ಲೇನ್ ನಿಂದು?"

ಅವನಿಗೂ ಒಂದು ಕಾಟವಿತ್ತು... ಯಾರಿಗೂ ಹೇಳದ ಕಾಟ.

ರಾತ್ರಿ ನಿದ್ದೆ ಹತ್ತಿತು ಎನ್ನುವಷ್ಟರಲ್ಲಿ ಬಲಗೈ ಜೋಮು ಹಿಡಿಯುತ್ತಿತ್ತು. ಬೆರಳಲ್ಲೆಲ್ಲ ಇರುವೆ ಹರಿದಂತೆ... ಆಮೇಲೆ ಉರಿ. ಎದ್ದು ಕೈ ಝಾಡಿಸುತ್ತಿದ್ದ, ಗೋಡೆಗೆ ಗುದ್ದುತ್ತಿದ್ದ.

"ದವಾಖಾನಿಗೆ ಹೋಗೂಣ್ರಿ... ಇದಕ್ಕ ಉಪಾಯ ಐತಿ" ಎಂದಳು ನೀಲವ್ವ.

"ಬಾಯಿ ಮುಚ್ಚು! ಮೇಸ್ತ್ರಿಗೆ ಗೊತ್ತಾತಂದ್ರ ನನ್ನ ಕೈಗೆ ಮಷೀನ್ ಕೊಡ್ತಾನೇನ? ಸುದ್ದಿ ಹೊರಗ ಬಿತ್ತೋ... ನಿನ್ನ ಹುಗದ ಬಿಡ್ತೀನಿ!"

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ದಿನ ನಸುಕಿನಲ್ಲಿ ಎಚ್ಚರವಾದಾಗ ಅವನ ಬಲಗೈ ಅಲ್ಲಾಡಲೇ ಇಲ್ಲ... ಯಾರೋ ಬಿಗಿದು ಕಟ್ಟಿದ್ದರು!

ಅಂಗೈ ಕೆಳಗೆ ಗಟ್ಟಿ ಪಟ್ಟಿ. ಮೇಲೆ ಸೀರೆಯ ಚೂರು ಸುತ್ತಿತ್ತು.

"ನನ್ನ ಕೈ ಕಟ್ಟಿ ಹಾಕೀಯೇನ? ಏನ್ ಮಾಡಾಕ ನಿಂತಿ?"

ಎದ್ದು, ಬಾಗಿಲ ಬಳಿಯಿದ್ದ ನೀಲವ್ವನತ್ತ ಎಡಗೈ ಬೀಸಿದ... ಅವಳ ಮುಖ ಬಾಗಿಲಿಗೆ ಬಡಿಯಿತು. ತುಟಿ ಒಡೆದು ರಕ್ತ ಇಳಿಯಿತು.

ಬಾಗಿಲು ಹಿಡಿದುಕೊಳ್ಳಲು ಕೈ ಚಾಚಿದಳು. ಬೆರಳು ಹಿಡಿತಕ್ಕೆ ಬರಲಿಲ್ಲ... ಕುಸಿದು ಬಿದ್ದಳು.

ಅವನು ಹಲ್ಲಿನಿಂದ ಬಟ್ಟೆ ಕಿತ್ತ. ಒಳಗಿನ ಪಟ್ಟಿಯನ್ನು ಎಸೆಯಲು ಕೈ ಎತ್ತಿದವನು ಹಾಗೇ ನಿಂತ...

ಕೈ ಜೋಮು ಹಿಡಿದಿರಲಿಲ್ಲ! ಉರಿಯೂ ಇಲ್ಲ. ಎಷ್ಟೋ ದಿನಗಳ ಮೇಲೆ ರಾತ್ರಿಯಿಡೀ ನಿದ್ದೆ ಮಾಡಿದ್ದ.

ಲೈಟು ಹಾಕಿ ನೋಡಿದ. ದವಾಖಾನೆಯ ಬೆಲ್ಟು. ಅವನ ದಪ್ಪ ಮಣಿಕಟ್ಟಿಗೆ ಅದು ಸಾಲದು, ಅದಕ್ಕೇ ಸೀರೆಯ ಚೂರು.

ಬೆಲ್ಟಿನ ಅಂಟುವ ಜಾಗದ ತುಂಬ ಒಣಗಿದ ಜೋಳದ ಹಿಟ್ಟು...

"ಇದು... ನಿಂದೇನ?"

"ಹೂಂರಿ. ರೊಟ್ಟಿ ಬಡದು ಬಡದು ನನ್ನ ಕೈನೂ ಹಂಗ ಆಗೈತಿ. ಮಣಿಕಟ್ಟು ಮಡಚದಂಗ ಇದನ್ನ ಕಟಗೊಂಡು ಮಲಕೋ ಅಂದ್ರು ಡಾಕ್ಟರು. ನಿಮಗ ಕಾಣದಂಗ ಹಿಟ್ಟಿನ ಕೈಲೇ ಗಡಬಡಿಸಿ ಕಟಗೊಂತಿದ್ದೆ. ನಿನ್ನಿ ನೀವು ನಿದ್ದಿಯೊಳಗ ನರಳಾಕತ್ತಿದ್ರಿ... ನೋಡಾಕ ಆಗ್ಲಿಲ್ಲ. ನಂದ ಬಿಚ್ಚಿ ನಿಮಗ ಕಟ್ಟಿದೆ."

ಬಿದ್ದ ಒಂದೊಂದು ಪಾತ್ರೆಯೂ ಅವನಿಗೆ ನೆನಪಾಯಿತು... ಆ ಕೈಯಲ್ಲಿ ನಿಜವಾಗಿಯೂ ಜೀವ ಇರಲಿಲ್ಲ.

ಅವಳ ಕಾಲಿಗೆ ಬೀಳಲು ಹೋದ. ಹೊಡೆಯುತ್ತಾನೆಂದು ಅವಳು ಮುಖ ಮುಚ್ಚಿಕೊಂಡಳು.

ಆಗ ಒಡೆದು ಹೋದ ಫಕ್ಕೀರಪ್ಪ... ಮಗುವಿನಂತೆ ಅತ್ತ.

ನೀಲವ್ವ ಮೆಲ್ಲಗೆ ಎದ್ದಳು. "ಜೋಮು ಹಿಡದ ಕೈಗೆ ಪಟ್ಟಿ ಕಟ್ಟಬಹುದ್ರಿ... ಹೊಡಿಯೋ ಕೈಗೆ ಏನ್ ಕಟ್ಟಲಿ? ಇನ್ನೊಮ್ಮೆ ಎತ್ತಿದ್ರ ನಾ ಈ ಮನ್ಯಾಗ ಇರೂದಿಲ್ಲ."

ಅವನು ಬೆಲ್ಟನ್ನು ಅವಳ ಕೈಗೆ ಕಟ್ಟಿ, ಒಲೆ ಹೊತ್ತಿಸಿ, ಹಿಟ್ಟಿನ ಮುಂದೆ ಕೂತ.

ಮೊದಲ ರೊಟ್ಟಿ ಹರಿಯಿತು... ಎರಡನೆಯದು ಸುಟ್ಟಿತು. ರೊಟ್ಟಿ ಬುಟ್ಟಿಯ ತಳ ಮುಚ್ಚುವುದರೊಳಗೇ ಕೈ ಜೋಮು ಹಿಡಿಯಿತು.

"ದಿನಾ ಹೆಂಗ ಮಾಡ್ತಿದ್ದೀ ನೀಲಾ..."

ಸೆರಗಿನಿಂದ ತುಟಿ ಒತ್ತಿಕೊಂಡಿದ್ದ ಅವಳ ಕಣ್ಣು ತುಂಬಿ ಬಂತು.

ಅಂದು ದವಾಖಾನೆಯ ಸಾಲಿನಲ್ಲಿ ಇಬ್ಬರೂ ಒಟ್ಟಿಗೆ ನಿಂತಿದ್ದರು.

*ಕೈಯ ಜೋಮಿಗೆ ಡಾಕ್ಟರು ಔಷಧ ಕೊಡುತ್ತಾರೆ... ಮನಸ್ಸಿನ ಜೋಮನ್ನು ನಾವೇ ಬಿಡಿಸಿಕೊಳ್ಳಬೇಕು.*

ನಿಮ್ಮ ಮನೆಯಲ್ಲೂ ಯಾರದೋ ಕೈಯಿಂದ ಪಾತ್ರೆ ಜಾರುತ್ತಿದೆಯೇ? ಬೈಯುವ ಮೊದಲು ಆ ಕೈಯನ್ನು ಒಮ್ಮೆ ಹಿಡಿದು ನೋಡಿದ್ದೀರಾ...?