ಕೊರಳ ಮೇಲಿನ ಮಿಂಚುಹುಳು

ಹೋದ ವರ್ಷ ನನ್ನ ಹನ್ನೆರಡು ವರ್ಷದ ಮಗಳು ಗುರುಬಾಯಿಯ ಕೊರಳ ಮೇಲೆ ಕ್ಯಾನ್ಸರ್ ಹುಡುಕುವ ಹನ್ನೊಂದು ಮಿಂಚುಹುಳುಗಳು ಕೂತು ಕೆಂಪಗೆ ಉರಿದಿದ್ದವು. ಡಾಕ್ಟರರು ಅವಳ ಥೈರಾಯ್ಡ್ ಗ್ರಂಥಿ ತೆಗೆದರು. ಏನಾದರೂ ಉಳಿದಿದೆಯೇ ಎಂದು ನೋಡಲು ಇಂದು ಮತ್ತೆ ಆಸ್ಪತ್ರೆಯ ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿದರು.

“ಲಗೂ ಬಿಡ್ರಿ! ಹುಳಕ್ಕೇನು ನಿದ್ದಿ ಹತ್ತೇತೇನು?” ಎಂದು ನರ್ಸಿನ ಮೇಲೆ ರೇಗಿದೆ.

“ಯಪ್ಪಾ, ನೀ ಒದರಿದ್ರ ಅವು ಹೆದರತಾವ,” ಎಂದಳು ಮಗಳು.

ಡಬ್ಬಿ ತೆರೆದರು. ಕೋಣೆ ತುಂಬ ಹಸಿರು ಬೆಳಕು ತೇಲಿತು. ಅಂಥ ಚೆಂದ ನಾನು ಕಂಡಿರಲಿಲ್ಲ. ಆದರೂ ಎಲ್ಲಿ ಕೆಂಪಾದಾವೋ ಎಂದು ಅವಳ ಕೊರಳ ಕಡೆ ನೋಡಲು ಹೆದರಿದೆ. ಒಂದು ಹುಳು ಅವಳ ಕೊರಳ ಗಾಯದ ಗೆರೆಯ ಮೇಲಿಳಿದು, ಅದರುದ್ದಕ್ಕೂ ಹಸಿರಾಗಿಯೇ ನಡೆದು, ಹಾರಿ ಡಬ್ಬಿಗೆ ಮರಳಿತು. ಉಳಿದವೂ ಅದರ ಹಿಂದೆ ಹೋದವು.

“ಯಪ್ಪಾ,” ಕತ್ತಲಲ್ಲಿ ಮಗಳ ದನಿ ಬಂತು, “ಇನ್ನ ಉಸಿರು ಬಿಡು.”